ಕೋಶಗಳಿಗೆ ಕರೆಂಟಿನಿಂದ ದಾರಿ ತೋರಿಸುವ ಪೆಟ್ಟಿಗೆ: ಏಳು ಭಾನುವಾರಗಳ ಟಿಪ್ಪಣಿ

ಈಗ ಕೆಲಸ ಎಲ್ಲಿಗೆ ಬಂದಿದೆ ಅಂತ ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿಗೆ ನಡೆಯುತ್ತಿದೆ. ಪ್ಯಾರಮೀಸಿಯಂಗಳು (ನಿಂತ ನೀರಿನಲ್ಲಿರುವ ಒಂದೇ ಕೋಶದ ಜೀವಿಗಳು) ಸ್ವಿಚ್ ತಿರುಗಿಸಿದ ಕಡೆ ತಿರುಗುತ್ತವೆ. ಮೀನಿನ ಚರ್ಮದ ಕೋಶಗಳೂ ಮೈನಸ್ ಕಡೆಗೆ ತೆವಳಿದ್ದನ್ನು ಕಣ್ಣಾರೆ ನೋಡಿದೆ. ಆದರೆ ಆ ಕೋಶಗಳು ಒಂದು ಗಂಟೆಗಿಂತ ಜಾಸ್ತಿ ಗಾಜು ಹಿಡಿದು ನಿಲ್ಲುತ್ತಿಲ್ಲ. ಅಲ್ಲಿ ಸಿಕ್ಕಿಕೊಂಡಿದ್ದೇನೆ.

ನಾನು ಚಿಕ್ಕಮಗಳೂರಿನಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಜೂನ್ ಮೊದಲ ವಾರ ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶ) ಪಾಠ ಮಾಡುವಾಗ 2017ರ ಒಂದು ಪ್ರಯೋಗದ ವಿಷಯ ಹೇಳಿದೆ. ಇಲಿಯ ಮಿದುಳಿಗೆ ಮನುಷ್ಯರ ನರದ ಸ್ಟೆಮ್ ಸೆಲ್ ಹಾಕಿದರು. ಅಲ್ಲಿ ಹೊಸ ಕೋಶಗಳಿಗೆ ಒಂದು ಮಾಮೂಲಿ ದಾರಿ ಇದೆ, ವಾಸನೆ ಗ್ರಹಿಸುವ ಭಾಗದ ಕಡೆಗೆ. ಸಣ್ಣ ಕರೆಂಟ್ ಕೊಟ್ಟಾಗ ಹಾಕಿದ ಕೋಶಗಳು ಆ ದಾರಿಗೆ ಎದುರಾಗಿ ಹೋದವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಕೋಶಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಕರೆಂಟ್ ಯಾವ ಕಡೆಯಿಂದ ಬಂತು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ? ನಾವು ನೋಡಬಹುದಾ?"

ನೋಡಬಹುದಾ ಅನ್ನುವ ಮಾತು ಮನಸ್ಸಿನಲ್ಲೇ ಉಳಿಯಿತು.

ಜೂನ್ 15: ಏನು ಮಾಡಬಹುದು, ಏನು ಆಗದು

ಸ್ಟೆಮ್ ಸೆಲ್ ಮನೆಯಲ್ಲಿ ಸಾಕುವ ವಸ್ತುವಲ್ಲ. 37 ಡಿಗ್ರಿ ಶಾಖ, ನೂರಕ್ಕೆ 5ರಷ್ಟು ಇಂಗಾಲದ ಡೈಆಕ್ಸೈಡ್, ಒಂದು ಬ್ಯಾಕ್ಟೀರಿಯಾ ಕೂಡ ಸೇರದಂಥ ಜಾಗ ಬೇಕು. ಮೇಲಾಗಿ ಅವು ನಿಧಾನ. ಗಂಟೆಗಟ್ಟಲೆ ಕಾದರೆ ಕೂದಲಿನ ದಪ್ಪದಷ್ಟು ಸರಿದಿರುತ್ತವೆ.

ಹಾಗಾಗಿ ಎರಡು ಬದಲಿ ಆರಿಸಿದೆ. ಮೊದಲನೆಯದು ಪ್ಯಾರಮೀಸಿಯಂ. ಕರೆಂಟ್ ಕೊಟ್ಟರೆ ಅದು ಮೈನಸ್ ಕಡೆಗೆ ಈಜುತ್ತದೆ ಅನ್ನುವುದು 19ನೇ ಶತಮಾನದಲ್ಲೇ ಗೊತ್ತಿತ್ತು. ಆದರೆ ಅದು ಈಜುವ ಜೀವಿ, ಸ್ಟೆಮ್ ಸೆಲ್ ತೆವಳುವ ಕೋಶ. ಒಳಗಿನ ಕಾರಣ ಬೇರೆ ಬೇರೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಿದೆ. ಎರಡನೆಯದು ಮೀನಿನ ಹುರುಪೆಗೆ ಅಂಟಿರುವ ಚರ್ಮದ ಕೋಶ, ಕೆರಟೋಸೈಟ್. ಇದು ನಿಜವಾಗಿ ತೆವಳುತ್ತದೆ. ಮಾಮೂಲಿ ಕೋಣೆಯ ಶಾಖದಲ್ಲೇ ತೆವಳುತ್ತದೆ, ಅದೂ ಜೋರಾಗಿ. ಸ್ಟೆಮ್ ಸೆಲ್‌ಗೆ ಹತ್ತಿರದ ಉದಾಹರಣೆ ಬೇಕು ಅಂದರೆ ನನ್ನ ಕೈಗೆಟುಕಿದ್ದು ಇದೇ.

ಎಷ್ಟು ಕರೆಂಟ್ ಬೇಕು? ನಮ್ಮ ಮೈಯಲ್ಲೇ ಇರುವಷ್ಟನ್ನು ಅಳತೆಗೆ ಹಿಡಿದೆ. 1843ರಲ್ಲಿ ಜರ್ಮನಿಯ ಎಮಿಲ್ ಡು ಬೋಯ್ ರೇಮೊಂಡ್ ತಮ್ಮದೇ ಬೆರಳು ಕೊಯ್ದುಕೊಂಡು ಗಾಯದಿಂದ ಕರೆಂಟ್ ಹರಿಯುವುದನ್ನು ಅಳೆದರು. ಗಾಯದ ಅಂಚಿನಲ್ಲಿ ಒಂದು ಮಿಲಿಮೀಟರ್‌ಗೆ ಸುಮಾರು 40ರಿಂದ 200 ಮಿಲಿವೋಲ್ಟ್ ಇರುತ್ತದೆ ಅಂತ ಈಗ ಗೊತ್ತು. ಕೋಶಗಳನ್ನು ಇಡುವ ನೀರಿನ ಕಾಲುವೆ 5 ಸೆಂಟಿಮೀಟರ್ ಉದ್ದ ಇದ್ದರೆ, ಮಿಲಿಮೀಟರ್‌ಗೆ 100 ಮಿಲಿವೋಲ್ಟ್ ಲೆಕ್ಕದಲ್ಲಿ 5 ವೋಲ್ಟ್. ಒಂದು 9 ವೋಲ್ಟ್ ಬ್ಯಾಟರಿ ಸಾಕು ಅಂದುಕೊಂಡೆ. ಗೋಡೆಯ ಪ್ಲಗ್ಗಿನ ಕರೆಂಟನ್ನು ಇದಕ್ಕೆ ಯಾವ ಕಾರಣಕ್ಕೂ ಮುಟ್ಟಬಾರದು. ಬ್ಯಾಟರಿಯನ್ನು ಮೈ ಮೇಲಿನ ಗಾಯಕ್ಕೆ ಹಚ್ಚಿ ನೋಡುವ ಯೋಚನೆಯೂ ಬೇಡ.

ಜೂನ್ 22: ತಾಮ್ರದ ತಂತಿ

ಒಂದು ಹಿಡಿ ಭತ್ತದ ಹುಲ್ಲು ಕುದಿಸಿ ಆರಿಸಿ, ಭಾವನ ತೋಟದ ಕೃಷಿ ಹೊಂಡದ ನೀರು ಸೇರಿಸಿ ವಾರ ಇಟ್ಟಿದ್ದೆ. ಮೇಲೆ ತೆಳ್ಳಗೆ ಕೆನೆ ಕಟ್ಟಿತ್ತು. ಡ್ರಾಪರ್‌ನಲ್ಲಿ ತೆಗೆದು ನೋಡಿದರೆ ಪ್ಯಾರಮೀಸಿಯಂ ಗಿಜಿಗುಡುತ್ತಿದ್ದವು.

ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದಲ್ಲಿ 5 ಸೆಂಟಿಮೀಟರ್ ಉದ್ದ, ಒಂದೂವರೆ ಸೆಂಟಿಮೀಟರ್ ಅಗಲ, 3 ಮಿಲಿಮೀಟರ್ ಆಳದ ತೊಟ್ಟಿ ಮಾಡಿದೆ. ಎರಡು ತುದಿಗೆ ವೈರಿನ ಒಳಗಿನ ತಾಮ್ರ ಇಳಿಸಿ ಬ್ಯಾಟರಿ ಕೊಟ್ಟೆ. ನೋಡನೋಡುತ್ತಿದ್ದಂತೆ ಎಲ್ಲಾ ಮೈನಸ್ ಕಡೆ ತಿರುಗಿದವು. ಖುಷಿಯಾಯಿತು. ಹತ್ತು ನಿಮಿಷಕ್ಕೆ ಪ್ಲಸ್ ಕಡೆ ಉಳಿದಿದ್ದವು ಸುತ್ತಿ ಸುತ್ತಿ ಒಡೆದು ಹೋದವು. ಅರ್ಧ ಗಂಟೆಗೆ ತೊಟ್ಟಿಯಲ್ಲಿ ಒಂದೂ ಜೀವಂತ ಇರಲಿಲ್ಲ.

ಕರೆಂಟ್ ಕೊಂದಿತು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ನಾನೂ ಮೊದಲು ಹಾಗೇ ಬರೆದುಕೊಂಡೆ, ಆಮೇಲೆ ಹೊಡೆದುಹಾಕಿದೆ. ಪ್ಲಸ್ ತಂತಿಯ ಮೇಲೆ ಹಸಿರು ಹತ್ತಿತ್ತು. ಲಿಟ್ಮಸ್ ಇಟ್ಟು ನೋಡಿದೆ. ಪ್ಲಸ್ ಕಡೆ ಹುಳಿ, ಮೈನಸ್ ಕಡೆ ಕ್ಷಾರ. ತಾಮ್ರ ಕರಗಿ ನೀರಿಗೆ ಇಳಿದಿತ್ತು, ಅವುಗಳಿಗೆ ಅದೇ ವಿಷವಾಯಿತು. ಕರೆಂಟ್ ದಾಟಬೇಕು, ತಂತಿಯ ಕೊಳೆ ದಾಟಬಾರದು. ಮುಂದಿನ ಐದು ವಾರ ನಾನು ಹೆಣಗಿದ್ದೆಲ್ಲ ಇದೊಂದಕ್ಕೇ.

ಜೂನ್ 29: ಅತ್ತೆಯ ಕಾಲುಚೈನು

ಲ್ಯಾಬುಗಳಲ್ಲಿ ಇದಕ್ಕೆ ಬೆಳ್ಳಿ ತಂತಿ ಬಳಸುತ್ತಾರೆ, ಅದರ ಮೇಲೆ ಸಿಲ್ವರ್ ಕ್ಲೋರೈಡ್ ಪದರ ಕಟ್ಟಿಸಿ. ಅತ್ತೆಗೆ ಹೇಳಿದೆ. "ತಗೊಂಡು ಹೋಗಮ್ಮ, ಹೇಗೂ ಕೊಂಡಿ ಮುರಿದು ಬಿದ್ದಿದೆ" ಅಂತ ಹಳೆ ಕಾಲುಚೈನು ಕೊಟ್ಟರು. ನಮ್ಮ ಬೀದಿಯ ಆಚಾರ್ರು 100 ರೂಪಾಯಿಗೆ ಕರಗಿಸಿ ತಂತಿ ಎಳೆದುಕೊಟ್ಟರು. ಕೊಡುವಾಗಲೇ ಹೇಳಿದರು, "ಇದು ಅಪ್ಪಟ ಅಲ್ಲಮ್ಮ, ಬೆರಕೆ ಇದೆ." ನಾನು ಪರವಾಗಿಲ್ಲ ಅಂದೆ. ಅಲ್ಲೇ ತಪ್ಪು ಮಾಡಿದ್ದು. ಬೆರಕೆ ಅಂದರೆ ತಾಮ್ರ. ಯಾವುದನ್ನು ದೂರ ಇಡಲು ಹೊರಟಿದ್ದೆನೋ ಅದನ್ನೇ ಮತ್ತೆ ನೀರಿಗಿಳಿಸಿದೆ. ಆ ಪದರ ಕಟ್ಟಲೆಂದು ಬಟ್ಟೆಗೆ ಹಾಕುವ ಬ್ಲೀಚಿನಲ್ಲಿ ಅದ್ದಿದಾಗ ಬಣ್ಣ ಒಂದೇ ಸಮ ಬರಲಿಲ್ಲ, ಅಲ್ಲಲ್ಲಿ ಕಂದು, ಅಲ್ಲಲ್ಲಿ ಹಸಿರು.

ಮರುದಿನ ಅಪ್ಪಟ ಬೆಳ್ಳಿಯದ್ದೇ ಮಾಡಿಸಿದೆ. 1 ಮಿಲಿಮೀಟರ್ ದಪ್ಪ, 12 ಸೆಂಟಿಮೀಟರ್‌ನ ಎರಡು ತುಂಡು, ಒಟ್ಟು 2 ಗ್ರಾಂ. ಬೆಳ್ಳಿಗೆ 240, ಕೂಲಿ 100. ಮರಳು ಕಾಗದದಲ್ಲಿ ಹಗುರವಾಗಿ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಬ್ಲೀಚಿನಲ್ಲಿ ಅರ್ಧ ಗಂಟೆ ಇಟ್ಟೆ. ಇಡೀ ತಂತಿ ಬೂದು ಬಣ್ಣಕ್ಕೆ ತಿರುಗಿತು. ಇದೇ ಬೇಕಾಗಿದ್ದು. ಬ್ಲೀಚ್ ಕೆಲಸಕ್ಕೆ ಕಿಟಕಿ ತೆರೆದಿಡಿ, ಯಾವ ಆಮ್ಲವನ್ನೂ ಹತ್ತಿರ ಇಡಬೇಡಿ.

ಜುಲೈ 6: ಅಗರ್ ಸೇತುವೆ, ಮೂರು ಸಲ

ಬೆಳ್ಳಿಯೂ ಕೋಶಕ್ಕೆ ಒಳ್ಳೆಯದಲ್ಲ. ಅದಕ್ಕೇ ತಂತಿಯನ್ನು ಬೇರೆ ಲೋಟದಲ್ಲಿಟ್ಟು, ಲೋಟದಿಂದ ಕಾಲುವೆಗೆ ಅಗರ್ ತುಂಬಿದ ಕೊಳವೆ ಇಡಬೇಕು. ಕರೆಂಟ್ ಅದರೊಳಗಿಂದ ಹಾದುಹೋಗುತ್ತದೆ, ಕೊಳೆ ಮಧ್ಯದಲ್ಲೇ ನಿಲ್ಲುತ್ತದೆ. ಅಗರ್ ಅಂದರೆ ಕಿರಾಣಿ ಅಂಗಡಿಯ ಚೈನಾ ಗ್ರಾಸ್. ಸಕ್ಕರೆ, ಬಣ್ಣ ಬೆರೆಸದ ಬಿಳಿ ಎಳೆಯದ್ದೇ ತನ್ನಿ. ಪೊಟ್ಟಣ 65 ರೂಪಾಯಿ. 100 ಮಿಲಿಲೀಟರ್ ನೀರಿಗೆ 2 ಗ್ರಾಂ, ಪೂರ್ತಿ ಕರಗುವ ತನಕ ಕುದಿಸಿದೆ.

ಮೊದಲು ಅಕ್ವೇರಿಯಂ ಪೈಪಿನಲ್ಲಿ ತುಂಬಿದೆ. ಪ್ಲಾಸ್ಟಿಕ್‌ಗೆ ಅಗರ್ ಹಿಡಿಯುವುದಿಲ್ಲ. ಪೈಪ್ ಬಗ್ಗಿಸಿದ ಕೂಡಲೇ ಶ್ಯಾವಿಗೆಯ ಹಾಗೆ ಜಾರಿ ಹೊರಗೆ ಬಂತು. ಕೆಮಿಸ್ಟ್ರಿ ಲ್ಯಾಬಿನ ಅಣ್ಣ ಒಡೆದ ಗಾಜಿನ ನಳಿಗೆಗಳನ್ನು ಕೊಟ್ಟು, ಸ್ಪಿರಿಟ್ ಲ್ಯಾಂಪಿನಲ್ಲಿ ಬಗ್ಗಿಸುವುದನ್ನೂ ತೋರಿಸಿಕೊಟ್ಟರು. ಒಳಗಿನ ಅಗಲ 5 ಮಿಲಿಮೀಟರ್, ಉದ್ದ 14 ಸೆಂಟಿಮೀಟರ್. ಬಿಸಿ ಗಾಜೂ ತಣ್ಣನೆ ಗಾಜೂ ನೋಡಲು ಒಂದೇ ಥರ. ಎಡಗೈ ಹೆಬ್ಬೆರಳು ಸುಟ್ಟುಕೊಂಡೆ.

ಎರಡನೇ ತಪ್ಪು ಪುಸ್ತಕ ನಂಬಿ ಆದದ್ದು. ಕೆಮಿಸ್ಟ್ರಿಯಲ್ಲಿ ಸಾಲ್ಟ್ ಬ್ರಿಜ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಗಟ್ಟಿ ದ್ರಾವಣದಲ್ಲೇ ಅಗರ್ ಕಟ್ಟಿಸಿದೆ. ಕಾಲುವೆಗೆ ಇಟ್ಟು ಎರಡೇ ನಿಮಿಷಕ್ಕೆ, ಇನ್ನೂ ಬ್ಯಾಟರಿ ಕೊಡುವ ಮೊದಲೇ, ತುದಿಗಳಲ್ಲಿದ್ದ ಪ್ಯಾರಮೀಸಿಯಂಗಳು ಹಿಂದಕ್ಕೆ ಈಜತೊಡಗಿದವು! ಪೊಟ್ಯಾಸಿಯಂ ಜಾಸ್ತಿಯಾದರೆ ಅವುಗಳ ರೋಮಗಳು ಉಲ್ಟಾ ಬೀಸುತ್ತವೆ. ತೋಟದಲ್ಲಿ ಕಾಫಿ ಗಿಡಕ್ಕೆ ಹಾಕುವ ಪೊಟ್ಯಾಷ್ ಕೂಡ ಇದೇ ಉಪ್ಪು. ಕರೆಂಟ್ ಇಲ್ಲದೆಯೇ ದಿಕ್ಕು ಬದಲಾಗುವುದಾದರೆ ಈ ಪೆಟ್ಟಿಗೆಯಿಂದ ಏನು ತಿಳಿದ ಹಾಗಾಯಿತು?

ಮೂರನೆಯದು, ಹೆದರಿಕೆಯಿಂದ ಇನ್ನೊಂದು ತುದಿಗೆ ಹೋದೆ. ಉಪ್ಪೇ ಬೇಡ ಅಂತ ಹುಲ್ಲಿನ ನೀರಿನಲ್ಲೇ ಅಗರ್ ಕಟ್ಟಿಸಿದೆ. ಯಾವುದೂ ಸಾಯಲಿಲ್ಲ. ಯಾವುದೂ ತಿರುಗಲೂ ಇಲ್ಲ. ಸಂಜೆ ತನಕ ಸುಮ್ನೆ ನೋಡುತ್ತಾ ಕೂತೆ.

ಜುಲೈ 13: ಮೀಟರ್ ಇಡಬೇಕಾದ ಜಾಗ

ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನಿಸಿದ ದಿನ ಇದು.

ಬ್ಯಾಟರಿ ತುದಿಯಲ್ಲಿ ಮಲ್ಟಿಮೀಟರ್ 9.2 ತೋರಿಸುತ್ತಿತ್ತು. ಇಷ್ಟು ದಿನ ನಾನು ಅಲ್ಲೇ ಅಳೆಯುತ್ತಿದ್ದೆ. ಮನೆಯವರು ಪಕ್ಕದಲ್ಲಿ ನಿಂತು ನೋಡುತ್ತಿದ್ದವರು ಕೇಳಿದರು, "ಪಂಪ್‌ಸೆಟ್ ಹತ್ರ ಪ್ರೆಷರ್ ನೋಡಿದ್ರೆ ಆಯ್ತಾ? ಗಿಡದ ಬುಡದಲ್ಲಿ ಎಷ್ಟು ಬರ್ತಿದೆ ನೋಡು." ಮೀಟರಿನ ಎರಡು ಮುಳ್ಳನ್ನು ಕಾಲುವೆಯ ಎರಡು ತುದಿಯ ನೀರಿಗೇ ಮುಟ್ಟಿಸಿದೆ. 2.4 ವೋಲ್ಟ್! ಮಿಕ್ಕ ಏಳು ವೋಲ್ಟನ್ನು ಉಪ್ಪಿಲ್ಲದ ಅಗರ್ ಸೇತುವೆಗಳೇ ನುಂಗಿದ್ದವು. ಕೋಶಕ್ಕೆ ಸಿಗುತ್ತಿದ್ದುದು ಮಿಲಿಮೀಟರ್‌ಗೆ 48 ಮಿಲಿವೋಲ್ಟ್ ಮಾತ್ರ.

ಅಗರ್ ಮತ್ತೆ ಕಟ್ಟಿಸಿದೆ, ಈ ಸಲ ಅಡುಗೆ ಉಪ್ಪಿನಲ್ಲಿ. 100 ಮಿಲಿಲೀಟರ್‌ಗೆ 0.9 ಗ್ರಾಂ, ಆಸ್ಪತ್ರೆಯ ಸಲೈನಿನ ಲೆಕ್ಕ. ಅಯೋಡಿನ್ ಇಲ್ಲದ ಕಲ್ಲುಪ್ಪನ್ನು ತೊಳೆದು ಹಾಕಿದೆ. ಕಾಲುವೆಯ ಎರಡೂ ತುದಿಗೆ ದೊಡ್ಡ ಬಾಟಲಿ ಮುಚ್ಚಳದಷ್ಟು ಕೊಳ ಮಾಡಿ ಸೇತುವೆಯನ್ನು ಅಲ್ಲಿಗೆ ಇಳಿಸಿದೆ. ಉಪ್ಪು ಅಲ್ಲಿಂದ ಕಾಲುವೆಗೆ ಬರಲು ಹೊತ್ತು ಹಿಡಿಯುತ್ತದೆ. ಕಾಲುವೆಯ ಅಳತೆ ಈಗ ಹೀಗಿತ್ತು: ಉದ್ದ 50, ಅಗಲ 10, ಆಳ 1 ಮಿಲಿಮೀಟರ್.

ಸ್ವಿಚ್ ಹಾಕಿದೆ. ಕರೆಂಟ್ ಸೊನ್ನೆ. ಒಂದು ಗಂಟೆ ವೈರು, ಬ್ಯಾಟರಿ, ಸ್ವಿಚ್ ಎಲ್ಲಾ ಹುಡುಕಿದೆ. ಕೊನೆಗೆ ನಳಿಗೆಯನ್ನು ಬೆಳಕಿಗೆ ಹಿಡಿದಾಗ ಬಾಗಿನಲ್ಲಿ ಒಂದು ಗಾಳಿಗುಳ್ಳೆ ಕಂಡಿತು. ನಳಿಗೆಯ ಅಗಲಕ್ಕೂ ಅದೇ ಕೂತಿತ್ತು. ಅಗರ್ ಬಿಸಿ ಇರುವಾಗಲೇ ಸಿರಿಂಜಿನಲ್ಲಿ ಒಂದೇ ತುದಿಯಿಂದ ನಿಧಾನವಾಗಿ ತುಂಬಬೇಕು. ಎರಡು ತುದಿಯಿಂದ ತುಂಬಿದರೆ ಗುಳ್ಳೆ ಖಂಡಿತ.

ಮತ್ತೆ ತುಂಬಿದೆ. ಕಾಲುವೆಯಲ್ಲಿ 8.4 ವೋಲ್ಟ್, ಕರೆಂಟ್ 84 ಮೈಕ್ರೋ ಆಂಪಿಯರ್. ಮಿಲಿಮೀಟರ್‌ಗೆ 168 ಮಿಲಿವೋಲ್ಟ್.

ಪ್ಯಾರಮೀಸಿಯಂಗಳು ಅಷ್ಟೂ ಒಟ್ಟಿಗೆ ತಿರುಗಿದವು. ಮಳೆಗಾಲದಲ್ಲಿ ದೀಪಕ್ಕೆ ಬರುವ ಹುಳುಗಳ ಹಾಗೆ ಮೈನಸ್ ಕಡೆಗೆ ಹೊರಟವು, ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಆರು ಕಾಲಿನ ಸ್ವಿಚ್ ಒಂದನ್ನು 25 ರೂಪಾಯಿಗೆ ತಂದು ಪ್ಲಸ್ ಮೈನಸ್ ಅದಲು ಬದಲು ಆಗುವಂತೆ ಬೆಸೆದಿದ್ದೆ. ಅದನ್ನು ತಿರುಗಿಸಿದೆ. ಅಷ್ಟೂ ಹಿಂದಿರುಗಿದವು. ಹತ್ತು ನಿಮಿಷ ಆದ ಮೇಲೂ ಎಲ್ಲಾ ಜೀವಂತ. ಅತ್ತೆಯನ್ನು ಕರೆದು ತೋರಿಸಿದೆ. ಅವರು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲೇ ಇಲ್ಲ.

ಜುಲೈ 20: ಮೀನಿನ ಹುರುಪೆ, ನನ್ನ ಸುಳ್ಳು ಗೆಲುವು

ತೆವಳುವ ಕೋಶಕ್ಕೆ ಕಾಲುವೆ ತೆಳ್ಳಗಿರಬೇಕು. ಗಾಜಿನ ಸ್ಲೈಡಿನ ಮೇಲೆ ಕವರ್ ಸ್ಲಿಪ್‌ನ (ಸ್ಲೈಡ್ ಮುಚ್ಚುವ ತೆಳು ಗಾಜು) ಎರಡು ಸೀಳನ್ನು 10 ಮಿಲಿಮೀಟರ್ ಅಂತರದಲ್ಲಿ ವ್ಯಾಸಲೀನ್ ಹಚ್ಚಿ ಕೂರಿಸಿದೆ. ಮೇಲೆ 22x50 ಅಳತೆಯ ಉದ್ದದ ಕವರ್ ಸ್ಲಿಪ್ (ಡಬ್ಬಿಗೆ 280 ರೂಪಾಯಿ). ನಡುವೆ ಉಳಿಯುವ ಸಂದು ಸುಮಾರು 0.15 ಮಿಲಿಮೀಟರ್. ಲ್ಯಾಬುಗಳಲ್ಲೂ ಹೆಚ್ಚುಕಡಿಮೆ ಹೀಗೇ ಕಟ್ಟುತ್ತಾರೆ. ಸಂದು ಕಿರಿದಾದಷ್ಟೂ ಕರೆಂಟ್ ಕಡಿಮೆ, ಬಿಸಿಯೂ ಕಡಿಮೆ. ಮುಂಚೆ ಕಪ್ಪೆಯ ಪ್ರಾಕ್ಟಿಕಲ್‌ಗೆ ಬಳಸುತ್ತಿದ್ದ ರಿಂಗರ್ ದ್ರಾವಣವನ್ನೇ (ಕೋಶಗಳು ಬದುಕಿರಲು ಹೊಂದುವ ಉಪ್ಪುನೀರು) ಮಾಡಿಕೊಂಡೆ. ಲೀಟರಿಗೆ ಸೋಡಿಯಂ ಕ್ಲೋರೈಡ್ 6.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.14, ಕ್ಯಾಲ್ಸಿಯಂ ಕ್ಲೋರೈಡ್ 0.12, ಸೋಡಿಯಂ ಬೈಕಾರ್ಬೊನೇಟ್ 0.2.

ಮಾರುಕಟ್ಟೆಯಿಂದ ಜಿಲೇಬಿ ಮೀನು ತಂದೆ, 160 ರೂಪಾಯಿ. ಹುರುಪೆ ಕಿತ್ತು ಕಾಲುವೆಯೊಳಗೆ ಇಟ್ಟೆ. ನಾಲ್ಕು ಗಂಟೆ ಬಿಟ್ಟು ನೋಡಿದರೆ ದುಂಡನೆಯ ಕೋಶಗಳು. ಸ್ವಿಚ್ ಹಾಕಿದೆ. ಎಲ್ಲಾ ಮೈನಸ್ ಕಡೆಗೆ ಹೊರಟವು! ಫೋನಿನಲ್ಲಿ ವಿಡಿಯೋ ತೆಗೆದು ಕ್ಲಾಸಿನ ಗ್ರೂಪಿಗೆ ಆಗಲೇ ಕಳಿಸಿದೆ.

ರಾತ್ರಿ ಊಟ ಆದ ಮೇಲೆ ಏನೋ ಕಿರಿಕಿರಿ. ಕೆರಟೋಸೈಟ್ ದುಂಡಗೆ ಇರಬಾರದು, ಬೀಸಣಿಗೆಯ ಹಾಗೆ ಅಗಲವಾಗಿ ಹರಡಿಕೊಂಡಿರಬೇಕು. ಎದ್ದು ಹೋಗಿ ಸ್ವಿಚ್ ಆರಿಸಿ ನೋಡಿದೆ. ಆಗಲೂ ಹೋಗುತ್ತಿದ್ದವು. ಪಕ್ಕದಲ್ಲಿದ್ದ ಕಸದ ಚೂರೂ ಅದೇ ವೇಗದಲ್ಲಿ ಹೋಗುತ್ತಿತ್ತು. ಒಂದು ಕಡೆಯ ಕೊಳದಲ್ಲಿ ನೀರು ಒಂದೆರಡು ಮಿಲಿಮೀಟರ್ ಜಾಸ್ತಿ ಇತ್ತು, ಅಷ್ಟೇ. ನೀರು ಹರಿಯುತ್ತಿತ್ತು, ಸತ್ತ ಕೋಶ ಅದರ ಜೊತೆ ತೇಲುತ್ತಿತ್ತು. ಐಸಿನಲ್ಲಿಟ್ಟ ಮೀನಿನ ಹುರುಪೆಯಲ್ಲಿ ಜೀವವೇ ಇರಲಿಲ್ಲ.

ಮರುದಿನ ಕ್ಲಾಸಿನಲ್ಲಿ ಹೇಳಿದೆ, ನಿನ್ನೆಯ ವಿಡಿಯೋ ತಪ್ಪು, ಕಾರಣ ಇದು. ಮಕ್ಕಳು ಅದೇ ವಿಡಿಯೋ ಹಾಕಿಕೊಂಡು ಕಸದ ಚೂರು ಯಾವುದು, ಕೋಶ ಯಾವುದು ಅಂತ ಹುಡುಕಿದರು. ಅಂದಿನಿಂದ ಮೂರು ಕಟ್ಟುನಿಟ್ಟು. ಕರೆಂಟ್ ಕೊಡುವ ಮೊದಲು ಹತ್ತು ನಿಮಿಷ ಸುಮ್ನೆ ನೋಡಬೇಕು. ಒಂದು ಕಸದ ಚೂರನ್ನು ಸಾಕ್ಷಿಯಾಗಿ ಚಿತ್ರದಲ್ಲಿ ಇಟ್ಟುಕೊಳ್ಳಬೇಕು. ದಿಕ್ಕು ಬದಲಿಸಿದಾಗ ಕೋಶವೂ ತಿರುಗಿದರೆ ಮಾತ್ರ ಲೆಕ್ಕ.

ಜುಲೈ 27: ನಿಜವಾಗಿ ತೆವಳಿದ್ದು

ಬೆಳಿಗ್ಗೆ ಭಾವನ ತೋಟಕ್ಕೆ ಹೋದೆ. ಹೊಂಡದಲ್ಲಿ ಬಲೆ ಹಾಕಿ ಒಂದು ಜಿಲೇಬಿ ಹಿಡಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೊಂಡು ಚಿಮಟದಿಂದ ಐದು ಹುರುಪೆ ತೆಗೆದು ವಾಪಸು ಬಿಟ್ಟೆ. ಹುರುಪೆ ಮತ್ತೆ ಬೆಳೆಯುತ್ತದೆ. ರಿಂಗರ್‌ನಲ್ಲಿ ಮೂರು ಸಲ ತೊಳೆದು ತಂದೆ.

ಸ್ಲೈಡ್ ತೊಳೆದ ಸೋಪು ಒಂದಿಷ್ಟೂ ಉಳಿಯದಂತೆ ಎಂಟು ಹತ್ತು ಸಲ ನೀರಿನಲ್ಲಿ ಜಾಲಿಸಿದ್ದೆ. ಹುರುಪೆಯನ್ನು ಕಾಲುವೆಯಲ್ಲಿಟ್ಟು ಮುಚ್ಚಿ, ಒಣಗದ ಹಾಗೆ ಒದ್ದೆ ಹತ್ತಿಯ ಜೊತೆ ಡಬ್ಬಿಯಲ್ಲಿಟ್ಟೆ. ಹೊರಗೆ ಜಡಿಮಳೆ, ಕೋಣೆಯಲ್ಲಿ 21 ಡಿಗ್ರಿ. ಮೀನಿನ ಕೋಶಕ್ಕೆ ಇದೇ ಹಿತ.

ಐದು ಗಂಟೆಯ ನಂತರ ಹುರುಪೆಯ ಅಂಚಿನಿಂದ ಕೋಶಗಳ ಹಾಳೆಯೇ ಹೊರಗೆ ಹರಡಿತ್ತು. ಅದರ ತುದಿಯಿಂದ ಒಂದೊಂದೇ ಬೇರೆಯಾಗುತ್ತಿದ್ದವು. ನಮ್ಮ ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಅವು ಗಾಜಿನ ಮೇಲೆ ಗಾಜು ಇಟ್ಟ ಹಾಗೆ, ಕಾಣುವುದೇ ಕಷ್ಟ. ಕಂಡೆನ್ಸರ್ (ಸ್ಲೈಡಿನ ಕೆಳಗೆ ಬೆಳಕು ಒಟ್ಟುಮಾಡುವ ಲೆನ್ಸ್) ಕೆಳಗಿಳಿಸಿ ಬೆಳಕಿನ ಕಿಂಡಿ ಪೂರ್ತಿ ಕಿರಿದು ಮಾಡಿದಾಗ ಅಂಚು ಮೂಡಿತು. 40ರ ಲೆನ್ಸ್ ಬಳಸಿದೆ.

ಬೆಳ್ಳಿ ತಂತಿಯ ಲೋಟಗಳಿಗೆ ಉಪ್ಪುನೀರು, ಸೇತುವೆಗೆ ಹೊಸ ಅಗರ್. ಕಾಲುವೆಯಲ್ಲಿ 6.8 ವೋಲ್ಟ್ ಬಂತು. 20 ರೂಪಾಯಿಯ ತಿರುಗುವ ರೆಸಿಸ್ಟರ್‌ನಿಂದ 5ಕ್ಕೆ ಇಳಿಸಿದೆ, ಮಿಲಿಮೀಟರ್‌ಗೆ ಸರಿಯಾಗಿ 100 ಮಿಲಿವೋಲ್ಟ್ ಆಗುವ ಹಾಗೆ. ಮೊದಲ ಹತ್ತು ನಿಮಿಷ ಕರೆಂಟ್ ಇಲ್ಲದೆ ನೋಡಿದೆ. ಒಂದೊಂದು ಒಂದೊಂದು ದಿಕ್ಕಿಗೆ. ಕಸದ ಚೂರು ಅಲುಗಲಿಲ್ಲ.

ಸ್ವಿಚ್ ಹಾಕಿ ಎರಡೆರಡು ನಿಮಿಷಕ್ಕೆ ಫೋನಿನಲ್ಲಿ ಚಿತ್ರ ತೆಗೆದೆ. ಪ್ರಶ್ನೆ ಕೇಳಿದ್ದ ಆ ಹುಡುಗಿಯೂ ಬಂದಿದ್ದಳು. ಅವಳು ಫೋನ್ ಪರದೆಯ ಮೇಲೆ ಪಾರದರ್ಶಕ ಹಾಳೆ ಇಟ್ಟು ಒಂದೊಂದು ಕೋಶಕ್ಕೂ ಚುಕ್ಕಿ ಹಾಕುತ್ತಾ ಹೋದಳು. ಅರ್ಧ ಗಂಟೆಗೆ ಒಂಬತ್ತು ಕೋಶಗಳ ಗೆರೆ ಸಿಕ್ಕಿತು. ಏಳು ಮೈನಸ್ ಕಡೆಗೆ ಬಾಗಿದ್ದವು, ಎರಡು ತಮ್ಮ ಪಾಡಿಗೆ ಹೋಗಿದ್ದವು. ವೇಗ ನಿಮಿಷಕ್ಕೆ 8ರಿಂದ 10 ಮೈಕ್ರೋಮೀಟರ್. ಸ್ವಿಚ್ ತಿರುಗಿಸಿದೆವು. ಪ್ಯಾರಮೀಸಿಯಂ ಹಾಗೆ ತಟ್ಟನೆ ತಿರುಗಲಿಲ್ಲ. ಎತ್ತಿನ ಗಾಡಿ ತಿರುಗುವ ಹಾಗೆ, ಹತ್ತು ಹನ್ನೆರಡು ನಿಮಿಷ ತೆಗೆದುಕೊಂಡು ಸುತ್ತು ಹೊಡೆದು ಬಂತು ಒಂದು. ಅದರ ಹಿಂದೆ ಇನ್ನೊಂದು. ಇಬ್ಬರೂ ಮಾತಾಡಲಿಲ್ಲ.

ಆಮೇಲೆ ಅವಳು ಕೇಳಿದಳು, "ಮಿಸ್, ಎಲ್ಲಾ ಕೋಶವೂ ಮೈನಸ್‌ಗೇ ಹೋಗುತ್ತಾ?" ಇಲ್ಲ. ನರದ ಸ್ಟೆಮ್ ಸೆಲ್ ಮೈನಸ್ ಕಡೆಗೆ ಹೋಗುತ್ತದೆ. ಮನುಷ್ಯರ ಮೂಳೆಮಜ್ಜೆಯ ಸ್ಟೆಮ್ ಸೆಲ್ ಪ್ಲಸ್ ಕಡೆಗೆ ಹೋದದ್ದನ್ನು ಕಂಡಿದ್ದಾರೆ. ಇನ್ನೂ ಸೋಜಿಗದ್ದು ಅಂದರೆ, ಇದೇ ಮೀನಿನ ಕೋಶದಿಂದ ಕಿತ್ತುಬಂದ ಚೂರು, ಒಳಗೆ ನ್ಯೂಕ್ಲಿಯಸ್ ಇಲ್ಲದ್ದು, ಪ್ಲಸ್ ಕಡೆಗೆ ತೆವಳುತ್ತದೆ ಅಂತ 2013ರಲ್ಲಿ ತೋರಿಸಿದ್ದಾರೆ. ಇಡೀ ಕೋಶ ಒಂದು ಕಡೆ, ಅದರದೇ ತುಂಡು ಇನ್ನೊಂದು ಕಡೆ. ಯಾವ ಕಡೆ ಹೋಗಬೇಕು ಅನ್ನುವುದು ಕರೆಂಟಿನ ಕೈಯಲ್ಲಿ ಮಾತ್ರ ಇಲ್ಲ, ಅಲ್ವಾ?

55ನೇ ನಿಮಿಷಕ್ಕೆ ಕೋಶಗಳು ದುಂಡಗಾಗಿ ಗಾಜು ಬಿಟ್ಟವು. ಇದೇ ಈಗಿನ ತೊಡಕು. ನನ್ನ ಅನುಮಾನ ಎರಡರ ಮೇಲೆ. ಒಂದು, ರಿಂಗರ್‌ನಲ್ಲಿ ಆಹಾರ ಇಲ್ಲ. ಗ್ಲೂಕೋಸ್ ಒಂದು ಗ್ರಾಂ ಸೇರಿಸಿ ನೋಡಬೇಕು. ಇನ್ನೊಂದು, ವ್ಯಾಸಲೀನ್ ಅಂಚಿನಲ್ಲಿ ಸೋರಿಕೆ. ಕೊನೆಯಲ್ಲಿ ಅಳೆದಾಗ 5 ವೋಲ್ಟ್ ಇದ್ದದ್ದು 4.1ಕ್ಕೆ ಇಳಿದಿತ್ತು. ಸಂದಿನಿಂದ ಹೊರಗೆ ಹರಿದ ನೀರಿನ ಮೂಲಕ ಕರೆಂಟ್ ಬೇರೆ ದಾರಿ ಹಿಡಿದಿರಬೇಕು.

ಇದುವರೆಗೆ ಖರ್ಚು 1410 ರೂಪಾಯಿ. ಅದರಲ್ಲಿ 350 ಮಲ್ಟಿಮೀಟರ್‌ಗೆ, 70 ಎರಡು ಬ್ಯಾಟರಿಗೆ, 100 ಕಾಲುಚೈನಿನ ದಂಡದ ಕೂಲಿ. ಮಿಕ್ಕಿದ್ದು ಮೇಲೆ ಬರೆದಿದ್ದೇನೆ.

ಮುಂದಿನ ಭಾನುವಾರಕ್ಕೆ ಅವಳು ಎರಡು ಕಾಲುವೆ ಒಟ್ಟಿಗೆ ಕಟ್ಟಲು ಹೇಳಿದ್ದಾಳೆ. ಒಂದರಲ್ಲಿ ಗ್ಲೂಕೋಸ್, ಒಂದರಲ್ಲಿ ಇಲ್ಲ. ಎರಡಕ್ಕೂ ಒಂದೇ ಮೀನಿನ ಹುರುಪೆ. ಕಸದ ಚೂರನ್ನು ತಾನೇ ಹುಡುಕಿ ಇಡುತ್ತಾಳಂತೆ.